ಗುಳಿ ಬೀಳದ ಚಿಪ್ಪು

ಕೀಲುಂಗ್ ಊರಿನ ನಲ್ಲಿ ನೀರು ಮಳೆನೀರಿನಷ್ಟೇ ಮೆದು. ಅದರಲ್ಲಿ ಅಂದಕ್ಕೆಂದು ಸಾಕುವ ಬಸವನಹುಳುಗಳ ಚಿಪ್ಪು ತುದಿಯಿಂದ ಸವೆದು ಬಿಳಿಚಿಕೊಳ್ಳುತ್ತದೆ, ಗುಳಿ ಬೀಳುತ್ತದೆ. ಒಮ್ಮೆ ಬಿದ್ದ ಗುಳಿ ಮತ್ತೆ ತುಂಬುವುದಿಲ್ಲ. ನಮ್ಮ ಕೆಳಮನೆಯ ಶೂ-ಮಾನ್ ಚಿಕ್ಕಮ್ಮ ಇದನ್ನು ಯಾರಿಂದಲೂ ಕೇಳಿ ತಿಳಿದದ್ದಲ್ಲ. ಹುಳುಗಳನ್ನು ಕಳೆದುಕೊಂಡೇ ಕಲಿತರು. ಆಮೇಲೆ ಮೀನುಪೇಟೆಯಲ್ಲಿ ಎಸೆದ ಹತ್ತು ಕೈಗಳ ಬೊಂಡಾಸ್ ಮೀನಿನ, ಸುಣ್ಣವೇ ತುಂಬಿದ ಬಿಳಿ ಎಲುಬು ಆಯ್ದು ತಂದು, ಉಪ್ಪು ಬಿಡುವವರೆಗೆ ನೀರು ಬದಲಿಸುತ್ತ ನೆನೆಸಿ, ಒಣಗಿಸಿ, ಗಾಜಿನ ತೊಟ್ಟಿಗೆ ಹಾಕತೊಡಗಿದರು.

"ಗಂಡನಿಗಿಲ್ಲದ ಉಪಚಾರ ಹುಳಕ್ಕೆ ನೋಡು," ಎನ್ನುತ್ತಿದ್ದರು ಅವರ ಅತ್ತೆ.

"ಹುಳ ಎದುರು ಮಾತಾಡಲ್ಲ ಅತ್ತೆ."

ಆ ವರ್ಷ ಅಲಂಕಾರ ಮೀನಿನ ಅಂಗಡಿಯ ಯೂ ಯಜಮಾನರು ಒಂದು ಮಾತು ಕೊಟ್ಟಿದ್ದರು: ಚಾಂದ್ರಮಾನ ಹೊಸವರ್ಷದ ಹಬ್ಬದ ಐದನೆಯ ದಿನ, ರಜೆ ಮುಗಿದು ಅಂಗಡಿ ತೆರೆಯುವ ಮೊದಲು ಬಂದು ನೋಡುತ್ತೇನೆ, ಚಿಪ್ಪಿನಲ್ಲಿ ಗುಳಿಯಿಲ್ಲದಿದ್ದರೆ ಅಂಗಡಿಯಲ್ಲಿ ಅವನ್ನಿಟ್ಟು ಮಾರುವ ತೊಟ್ಟಿಗೆ ನಿಮ್ಮ ಹೆಸರನ್ನೇ ಬರೆಸುತ್ತೇನೆ. ಮದುವೆಯಾದ ಮೇಲೆ ಆ ಮನೆಯಲ್ಲಿ ಚಿಕ್ಕಮ್ಮನನ್ನು ಹೆಸರಿಟ್ಟು ಕರೆಯುವವರೇ ಇರಲಿಲ್ಲ.

ಹಬ್ಬದ ಎರಡನೆಯ ದಿನ ಮದುವೆಯಾದ ಹೆಣ್ಣುಮಕ್ಕಳು ಗಂಡನೊಡನೆ ತವರಿಗೆ ಹೋಗಬೇಕು. ಅವರ ಗಂಡ ಆ-ಖುನ್ ಗೆಳೆಯರೊಡನೆ ಬಿಲ್ಲೆ ಜೋಡಿಸುವ ಮಾಜಾಂಗ್ ಆಟಕ್ಕೆ ಕೂತರು. ಚಿಕ್ಕಮ್ಮ ಒಬ್ಬರೇ ಹೋದರು. ಇತ್ತ ಗೆಳೆಯರು ಆಟದ ನಡುವೆ ತಿನ್ನಲು, ಸುಣ್ಣ ಮತ್ತು ಕ್ಷಾರದ ಮಣ್ಣಿನಲ್ಲಿ ಹೂತು ಕಪ್ಪಾಗಿಸಿದ ಬಾತುಮೊಟ್ಟೆಗಳನ್ನು ಸುಲಿದರು. ಮೊಟ್ಟೆಯ ಸಿಪ್ಪೆ ಹುಳಕ್ಕೆ ಒಳ್ಳೆಯದೆಂದು ಯಾರೋ ಅಂದರು. ಆ-ಖುನ್ ಮಣ್ಣು ಮೆತ್ತಿದ ಸಿಪ್ಪೆಯನ್ನೆಲ್ಲ ಗೋರಿ ತೊಟ್ಟಿಗೆ ಸುರಿದರು.

ಮಾರನೆಯ ದಿನ ಚಿಕ್ಕಮ್ಮ ಬಂದಾಗ ಮಣ್ಣಿನ ಕ್ಷಾರ ನೀರಿಗಿಳಿದು ಹುಳುಗಳೆಲ್ಲ ತಳದಲ್ಲಿ ಬಿದ್ದಿದ್ದವು. ಒಂದೊಂದನ್ನೇ ಎತ್ತಿ ಹೊಸ ನೀರಿನ ಬೋಗುಣಿಗೆ ಬಿಟ್ಟರು. ಯಾವುದೂ ಅಲುಗಲಿಲ್ಲ.

"ನಿನಗೋಸ್ಕರಾನೇ ಹಾಕಿದ್ದು ಕಣೇ," ಎಂದರು ಆ-ಖುನ್. "ಏನೋ ಒಂದ್ಸಲ ಸಹಾಯ ಮಾಡಿದ್ರೆ ಮುಖ ಹೀಗಾ ಮಾಡೋದು?"

ಚಿಕ್ಕಮ್ಮ ಉತ್ತರ ಕೊಡುವ ಮೊದಲೇ ಅತ್ತೆ ತಡೆದರು. "ಹಬ್ಬದಲ್ಲಿ ಕೆಟ್ಟ ಮಾತು ಬೇಡ. ಅದನ್ನ ಹೊರಗೂ ಹಾಕ್ಬೇಡ. ಐದನೇ ದಿನಕ್ಕೆ ಮುಂಚೆ ಕಸ ಹೊರಗೆ ಹೋದ್ರೆ ಮನೆ ಸಂಪತ್ತೂ ಅದರ ಹಿಂದೇನೇ ಹೋಗುತ್ತೆ. ಅಲ್ಲೇ ಇರ್ಲಿ."

ಅಲ್ಲೇ ಇದ್ದವು. ವಾಸನೆ ಮೇಲಿನ ನಮ್ಮ ಮನೆಯವರೆಗೂ ಬಂತು. ಮಾಜಾಂಗ್ ಮಾತ್ರ ನಿಲ್ಲಲಿಲ್ಲ. ಕಿಟಕಿ ತೆರೆದಿಟ್ಟು ಆಡಿದರು.

ಐದನೆಯ ದಿನ ಪಟಾಕಿಯ ಹೊಗೆ ಇಳಿಯುವ ಮೊದಲೇ ಯೂ ಯಜಮಾನರು ಬಂದರು. ಮೂಗಿಗೆ ಕರವಸ್ತ್ರ ಹಿಡಿದು, ಒಂದು ಹುಳುವನ್ನೆತ್ತಿ, ಚಿಪ್ಪಿನ ತುದಿಯ ಮೇಲೆ ಉಗುರು ಎಳೆದು ನೋಡಿದರು.

"ಇಷ್ಟು ನುಣುಪಾದ ಚಿಪ್ಪು ಈ ಊರಲ್ಲಿ ನಾನು ನೋಡೇ ಇಲ್ಲಮ್ಮ."

"ಹೌದು," ಎಂದರು ಚಿಕ್ಕಮ್ಮ. ಯಜಮಾನರ ಕೈಯಲ್ಲಿದ್ದ ಹುಳುವನ್ನು ಹಾಕಲೆಂದು ಕಸದ ಚೀಲದ ಬಾಯಿ ಅಗಲಿಸಿ ಅವರ ಮುಂದೆ ಹಿಡಿದರು.