ಹರಕೆಯ ಕಲ್ಲು ಇಳಿಸುವ ಸೇಸಪ್ಪ

ಮಂಜೆಂದರೆ ಅಂತಿಂಥ ಮಂಜಲ್ಲ, ಚಾಚಿದ ಕೈಯ ಬೆರಳೇ ಕಾಣದು. ಅಕ್ಟೋಬರ್ ತಿಂಗಳ ಶನಿವಾರ, ಇನ್ನೂ ಏಳು ಗಂಟೆಯಾಗಿಲ್ಲ. ಹಿಲ್ಸ್‌ಬರೋ ಊರಿನ ಹಿಂದಿರುವ ಗುಡ್ಡದ ನೆತ್ತಿಯಲ್ಲಿ ಅರವತ್ತಮೂರು ವರ್ಷದ ಸೇಸಪ್ಪ ಬಂಡೆಯ ಮೇಲೆ ಮಗುವಿನ ಹಾಗೆ ಅಂಬೆಗಾಲಿಡುತ್ತಿದ್ದಾರೆ. ಎದುರಿಗೆ ಒಂದರ ಮೇಲೊಂದು ಪೇರಿಸಿದ ಐದು ಚಪ್ಪಟೆ ಕಲ್ಲುಗಳು. ಅದರಾಚೆ ಎರಡು ಮಾರು ಹೋದರೆ ಬಂಡೆ ಮುಗಿಯುತ್ತದೆ, ಕೆಳಗೆ ಮೂವತ್ತು ಅಡಿ ಆಳ.

ಸೇಸಪ್ಪ ತಲೆಯ ಟೊಪ್ಪಿ ತೆಗೆಯುತ್ತಾರೆ. “ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ” ಎಂದು ಕಾಣದ ಯಾರಿಗೋ ಹೇಳಿ, ಮೇಲಿನ ಕಲ್ಲನ್ನು ಎರಡೂ ಕೈಯಿಂದ ಇಳಿಸುತ್ತಾರೆ. ಆಮೇಲೆ ಎರಡನೆಯದು, ಮೂರನೆಯದು.

“ಕಾಲಲ್ಲಿ ಒದ್ದರೆ ಒಂದೇ ಪೆಟ್ಟಿಗೆ ಮುಗೀತದೆ. ಆದ್ರೆ ಯಾರದ್ದೋ ಮನೆ ಅಲ್ವಾ ಮಾರಾಯ್ರೆ? ಒದೀಲಿಕ್ಕೆ ಮನಸ್ಸು ಬರುದಿಲ್ಲ. ಇಳಿಸ್ಲಿಕ್ಕೂ ಹೆದರಿಕೆ, ಬಿಟ್ಟು ಹೋಗ್ಲಿಕ್ಕೂ ಹೆದರಿಕೆ.”

ಮನೆಯೆಂದದ್ದು ಸುಮ್ಮನೆ ಅಲ್ಲ. ನಮ್ಮ ಕಡೆ ಬೆಟ್ಟದ ದೇವಸ್ಥಾನಗಳಿಗೆ ಹತ್ತಿದವರು ದಾರಿ ಬದಿಯಲ್ಲಿ ಕಲ್ಲು ಪೇರಿಸಿ, ಸ್ವಂತ ಮನೆಯಾಗಲಿ ಎಂದು ಕೈಮುಗಿಯುವುದು ಎಲ್ಲರಿಗೂ ಗೊತ್ತು. ವೆಸ್ಟ್ ವಿಂಡ್ಸರ್, ಈಸ್ಟ್ ಬ್ರನ್ಸ್‌ವಿಕ್ ಕಡೆಯಿಂದ ವೀಕೆಂಡಿಗೆ ಬರುವ ನಮ್ಮವರು ಆ ಹರಕೆಯನ್ನೂ ಪುಳಿಯೋಗರೆ ಡಬ್ಬಿಯ ಜೊತೆ ಕಟ್ಟಿಕೊಂಡೇ ಬರುತ್ತಾರೆ. ಇಲ್ಲಿ ಗುಡಿ ಇಲ್ಲದಿದ್ದರೇನು, ಗುಡ್ಡ ಇದೆಯಲ್ಲ! ಮನೆಗೆ ಐದು ಕಲ್ಲು, ಗ್ರೀನ್ ಕಾರ್ಡಿಗೆ ಏಳು. ಕಲ್ಲು ಪೇರಿಸಬೇಡಿ ಎಂದು ಬುಡದಲ್ಲೇ ಬೋರ್ಡು ಹಾಕಿದ್ದಾರೆ ನಿಜ. ಆದರೆ ಬೋರ್ಡು ಎಂದರೆ ಪಕ್ಕದವರಿಗೆ ಬರೆದದ್ದು ಎಂದು ತಿಳಿಯುವ ಜನ ನಾವು.

ತೊಂದರೆ ಏನೆಂದರೆ, ಈ ಗುಡ್ಡದ ನೆತ್ತಿಯಲ್ಲಿ ದಾರಿ ತೋರಿಸುವುದೂ ಕಲ್ಲುಗುಪ್ಪೆಯೇ. ಕೆಳಗೆ ಕಾಡಿನಲ್ಲಿ ಮರಗಳಿಗೆ ಬಣ್ಣದ ಪಟ್ಟಿ ಬಳಿದಿದ್ದಾರೆ. ಮೇಲೆ ಬರೀ ಬಂಡೆ, ಮರವಿಲ್ಲ, ಬಂಡೆಗೆ ಬಣ್ಣ ಹಚ್ಚಬಾರದೆಂಬ ನಿಯಮ ಬೇರೆ. ಹಾಗಾಗಿ ಗುಡ್ಡ ನೋಡಿಕೊಳ್ಳುವ ಟ್ರಸ್ಟಿನವರು ಅಲ್ಲಲ್ಲಿ ಕಲ್ಲು ಪೇರಿಸಿ ಗುರುತು ಮಾಡಿದ್ದಾರೆ. ಒಂದು ಗುಪ್ಪೆಯಿಂದ ಇನ್ನೊಂದು ಗುಪ್ಪೆಗೆ ನಡೆದರೆ ದಾರಿ ತಪ್ಪುವುದಿಲ್ಲ. ಬಿಸಿಲಿದ್ದಾಗ ಸರಿ. ಮಂಜಿನಲ್ಲಿ ಗುರುತಿನ ಕಲ್ಲು ಯಾವುದು, ಹರಕೆಯ ಕಲ್ಲು ಯಾವುದು? ಹರಕೆ ಹೊರುವವರಿಗೋ ಅಂಚೇ ಬೇಕು, ಅಲ್ಲಿಂದ ಸೀನರಿ ಚೆನ್ನಾಗಿ ಕಾಣುತ್ತದೆ ನೋಡಿ.

ಸೋರ್‌ಲ್ಯಾಂಡ್ ಎಂಬ ಈ ತಗ್ಗು ಬೆಟ್ಟಸಾಲಿಗೆ, ಹಿಂದೆ ಜರ್ಮನಿಯಿಂದ ಬಂದು ನೆಲೆಸಿದವರು ತಮ್ಮ ಸೀಮೆಯ ಗುಡ್ಡಗಳ ಹೆಸರನ್ನೇ ಇಟ್ಟರು ಎನ್ನುವವರಿದ್ದಾರೆ. ಸೇಸಪ್ಪನವರಿಗೆ ಅದೆಲ್ಲ ಬೇಡ. ಅವರಿಗೆ ಇದು ನಿಂತು ನೋಡುವ ಮೂರು ಜಾಗಗಳ, ಮೂರು ನೋಟಗಳ ಗುಡ್ಡ: ಮೊದಲ ನೋಟ, ನಡು ನೋಟ, ಕಡೇ ನೋಟ. ದಿನಕ್ಕೆ ನಾಲ್ಕೂವರೆ ಮೈಲಿ, ನಲವತ್ತೊಂದು ಗುರುತಿನ ಗುಪ್ಪೆಗಳ ತಪಾಸಣೆ. ಸೋಮವಾರವಂತೂ ಅರವತ್ತು ಎಪ್ಪತ್ತು ಹರಕೆಗಳನ್ನು ಇಳಿಸಬೇಕು.

ಪುತ್ತೂರಿನ ಕಡೆಯವರು. ಇಪ್ಪತ್ತಾರು ವರ್ಷದ ಹಿಂದೆ ಹೋಟೆಲ್ ಮಾಲೀಕರೊಬ್ಬರ ಜೊತೆ ಅಡುಗೆಗೆಂದು ಈ ದೇಶಕ್ಕೆ ಬಂದು, ಹೆಚ್ಚು ಕಡಿಮೆ ಎರಡು ದಶಕ ದೋಸೆ ಕಾವಲಿಯ ಮುಂದೆ ನಿಂತರು. ಹೋಟೆಲ್ ಮುಚ್ಚಿತು, ಮೂಗಿಗೆ ಹೊಗೆ ಆಗದೆ ಬಂತು. “ಹೊರಗಿನ ಗಾಳಿಯಲ್ಲಿ ಮಾಡುವ ಕೆಲಸ ಎಂತದಾದ್ರೂ ಆದೀತು ಅಂತ ಟ್ರಸ್ಟಿನವರ ಹತ್ರ ಕೇಳಿದೆ. ಗುಡ್ಡ ಕೊಟ್ರು” ಎಂದು ನಗುತ್ತಾರೆ. ಕರಡಿಗೆ ಹೆದರಿದವರಲ್ಲ, ಹಾವಿಗೂ ಅಲ್ಲ. ಹೆಂಡತಿ ಬೇಬಿ ಹೇಳುವುದನ್ನು ಕೇಳಬೇಕು: “ಮೊದ್ಲು ಶಿಳ್ಳೆ ಹೊಡೀತಾ ಹೋಗುವವರು. ಈಗ ನಿದ್ದೆಯಲ್ಲಿ ಬೆಚ್ಚಿ ಬೀಳ್ತಾರೆ. ಎಂತ ಆಗಿದೆ ಅಂತ ಕೇಳಿದ್ರೆ ಬಾಯಿ ಬಿಡುದಿಲ್ಲ.”

ಬಾಯಿ ಬಿಡದ ಆ ಸಂಗತಿಯನ್ನು ಈಗ ಅವರೇ ಹೇಳಿದ್ದಾರೆ, ಬರೆಯಿರಿ ಎಂದೂ ಅವರೇ ಹೇಳಿದ್ದಾರೆ.

ಎರಡು ವರ್ಷದ ಹಿಂದಿನ ಮಾತು. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಕೂತು ಕೂತು ಬೇಸತ್ತ ಬೇಬಿ, “ಊರಿಗೆಲ್ಲ ದಾರಿ ತೋರಿಸ್ತೀರಿ, ನಮಗೊಂದು ಸೂರು ಕಾಣುದಿಲ್ವಾ?” ಎಂದು ಕೇಳಿದ್ದರು. ಮರುದಿನ ಸೇಸಪ್ಪ ಕಡೇ ನೋಟದ ಅಂಚಿನಲ್ಲಿ ಐದು ಕಲ್ಲು ಪೇರಿಸಿದರು. ಮನೆ ಪೂರ್ವಕ್ಕೆ ಮುಖ ಮಾಡಿದ್ದರೆ ಒಳ್ಳೆಯದಲ್ಲವೇ, ಅದಕ್ಕೆ ಪೂರ್ವದ ಅಂಚು. ಬೇರೆಯವರಿಗೆ ಬೇಡವೆನ್ನುವ ಕೆಲಸವನ್ನು ಕಾಯುವವನೇ ಮಾಡಿದ್ದು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಮೂರನೇ ದಿನ ಮಂಜು ಕವಿಯಿತು. ವೆಸ್ಟ್ ವಿಂಡ್ಸರ್‌ನಲ್ಲಿ ಮಗನ ಮನೆಯಲ್ಲಿರುವ ಶಂಕರನಾರಾಯಣ, ಮೈಸೂರಿನ ನಿವೃತ್ತ ಗಣಿತ ಮೇಷ್ಟ್ರು, ಮನೆಯವರಿಗಿಂತ ಮುಂದೆ ಮುಂದೆ ಗುಡ್ಡ ಹತ್ತಿದರು. ಗುಪ್ಪೆಯಿಂದ ಗುಪ್ಪೆಗೆ ಲೆಕ್ಕವಾಗಿ ನಡೆದು, ಕೊನೆಯ ಗುಪ್ಪೆ ದಾಟಿ, ಕೆಳಗೆ ಬಿದ್ದರು. ನಡುವೆ ಚಾಚಿದ್ದ ಕಲ್ಲಿನ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಸೊಂಟ ಮುರಿಯಿತು. ಕೂಗು ಕೇಳಿ ಮೊದಲು ಓಡಿ ಬಂದವರು ಸೇಸಪ್ಪನೇ.

“ಬಗ್ಗಿ ನೋಡಿದೆ. ಅವರು ಕೆಳಗೆ ನರಳ್ತಾ ಇದ್ರು. ನನ್ನ ಕಾಲ ಹತ್ರವೇ ನನ್ನ ಐದು ಕಲ್ಲು ಉಂಟು. ಫೋನ್ ಮಾಡಿದೆ, ನೀರು ಇಳಿಸಿದೆ. ಎಲ್ಲ ಮಾಡಿದೆ. ರೆಸ್ಕ್ಯೂದವರು ಬರುವ ಮೊದ್ಲು ಕಲ್ಲುಗಳನ್ನು ಎತ್ತಿ ಪೊದೆಗೆ ಬಿಸಾಡಿದೆ.”

ಮೇಷ್ಟ್ರು ಆಸ್ಪತ್ರೆಯಲ್ಲಿ “ಕಲ್ಲಿತ್ತು, ನೋಡಿಕೊಂಡೇ ನಡೆದೆ” ಎಂದು ಹೇಳಿದರಂತೆ. ಟ್ರಸ್ಟಿನವರು ಬಂದು ನೋಡಿದರು, ಕಲ್ಲಿರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು. ಸೇಸಪ್ಪನಿಗೆ ಮಾತ್ರ ಮುಗಿಯಲಿಲ್ಲ. ದೀಪಾವಳಿಗೆ ಮೇಷ್ಟ್ರ ಮನೆಯಿಂದ ಮೈಸೂರು ಪಾಕಿನ ಡಬ್ಬಿ ಬಂತು, ‘ಜೀವ ಉಳಿಸಿದ ಪುಣ್ಯಾತ್ಮರಿಗೆ’ ಎಂದು ಚೀಟಿ ಬೇರೆ. ಸೇಸಪ್ಪ ಒಂದು ಚೂರೂ ಮುಟ್ಟಲಿಲ್ಲ. ಯಾರಾದರೂ ಮೇಷ್ಟ್ರ ಸುದ್ದಿ ಎತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಡು. ಹೇಳಿದರೆ ಕೆಲಸ ಹೋದೀತು, ಕೋರ್ಟು ಕಚೇರಿ ಆದೀತು. ಹೇಳದಿದ್ದರೆ ಎದೆಯೊಳಗಿನ ಡವಡವ ನಿಲ್ಲುವುದಿಲ್ಲ. ಅಂದಿನಿಂದ ರಜೆಯ ದಿನವೂ ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತುತ್ತಾರೆ. ಇನ್ನೊಬ್ಬರು ಬಿದ್ದರೆ ಎಂಬ ಒಂದೇ ಭಯ.

ಈ ಶನಿವಾರ ಐದನೆಯ ಕಲ್ಲು ಇಳಿಸಿ ಏಳುವಷ್ಟರಲ್ಲಿ ಮಂಜಿನೊಳಗೆ ಕೋಲು ಬಂಡೆಗೆ ತಾಗುವ ಸದ್ದು. ಟಕ್, ಟಕ್. “ನಿಲ್ಲಿ! ಅಲ್ಲೇ ನಿಲ್ಲಿ!” ಸೇಸಪ್ಪನ ಕೂಗಿಗೆ ಸದ್ದು ನಿಲ್ಲುತ್ತದೆ. ಟಾರ್ಚಿನ ಬೆಳಕಿಗೆ ಮೊದಲು ಕಂಡದ್ದು ಕೋಲು, ಆಮೇಲೆ ಶಂಕರನಾರಾಯಣ ಮೇಷ್ಟ್ರ ಮುಖ. ಅವರ ತೋಳನ್ನು ಸೊಸೆ ಹಂಸಿನಿ ಬಿಗಿಯಾಗಿ ಹಿಡಿದಿದ್ದಾಳೆ.

“ಅಯ್ಯೋ ಅಂಕಲ್, ನೀವಾ! ಹಾರ್ಟೇ ನಿಂತ್‌ಹೋಯ್ತು” ಎನ್ನುತ್ತಾಳೆ ಆಕೆ. “ಮಾವನಿಗೆ ಒಂದೇ ಹಟ. ಅವತ್ತು ನೋಡದೇ ಬಿಟ್ಟ ವ್ಯೂ ನೋಡ್ಬೇಕಂತೆ. ಒಬ್ಬರನ್ನೇ ಹೇಗೆ ಬಿಡೋದು ಹೇಳಿ? ಡ್ರೈವಿಂಗ್ ಕೂಡ ನಿಲ್ಲಿಸಿಬಿಟ್ಟಿದ್ದೀವಿ.”

“ಲೈಬ್ರರಿಗೂ ಒಬ್ಬನೇ ಹೋಗೋ ಹಾಗಿಲ್ಲ ಕಣ್ರೀ” ಎಂದು ಮೇಷ್ಟ್ರು ನಗುತ್ತಾರೆ, ನಗುವಿನಲ್ಲಿ ಸತ್ವವಿಲ್ಲ. “ಇಲ್ಲದ ಕಲ್ಲು ಕಂಡೋನಲ್ವೇ ನಾನು? ತಲೆ ಸರಿಯಿಲ್ಲ ಅಂತ ಡಾಕ್ಟರ್ ಹತ್ರ ಎಷ್ಟೋ ಟೆಸ್ಟ್ ಆಯ್ತು. ಈಗೀಗ ನನಗೂ ಹಾಗೇ ಅನ್ಸುತ್ತೆ. ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟೋನು, ಅಂಗಡೀಲಿ ಚಿಲ್ಲರೆ ಎಣಿಸೋಕೂ ಭಯ.”

ಮುರಿದದ್ದು ಸೊಂಟ ಒಂದೇ ಎಂದು ಸೇಸಪ್ಪ ಇಷ್ಟು ದಿನ ತಿಳಿದಿದ್ದರು. ಬಂಡೆಯ ಮೇಲೆ ಕೂರುತ್ತಾರೆ. ಈಗಲೂ ಹೇಳದೆ ಇದ್ದುಬಿಡಬಹುದು, ಕೇಳುವವರು ಯಾರೂ ಇಲ್ಲ.

“ಸರ್, ಕಲ್ಲಿತ್ತು.”

“ಏನಂದ್ರಿ?”

“ಕಲ್ಲಿತ್ತು ಸರ್. ಐದು. ನಾನೇ ಇಟ್ಟದ್ದು, ಮನೆ ಆಗ್ಲಿ ಅಂತ. ನೀವು ಬಿದ್ದ ಮೇಲೆ ನಾನೇ ತೆಗೆದು ಬಿಸಾಡಿದ್ದು. ಕೆಲಸ ಹೋಗ್ತದೆ ಅಂತ ಹೆದರಿ ಬಾಯಿ ಮುಚ್ಚಿಕೊಂಡೆ.”

ಮೇಷ್ಟ್ರ ಕೈಯ ಕೋಲು ಮೇಲೇಳುತ್ತದೆ. ಹೊಡೆಯುತ್ತಾರೆಂದೇ ಸೇಸಪ್ಪ ಕಣ್ಣು ಮುಚ್ಚುತ್ತಾರೆ. ಹೊಡೆತ ಬೀಳುವುದಿಲ್ಲ. ಕಣ್ಣು ಬಿಟ್ಟರೆ ಮೇಷ್ಟ್ರು ಸೊಸೆಯ ಕಡೆ ತಿರುಗಿದ್ದಾರೆ, ಗಲ್ಲದ ಮೇಲೆ ನೀರು ಇಳಿಯುತ್ತಿದೆ.

“ಕೇಳಿಸ್ತೇನಮ್ಮಾ ಹಂಸಿನಿ? ಐದು ಕಲ್ಲು! ನಾನೂ ಐದು ಅಂತ್ಲೇ ಹೇಳಿದ್ದೆ ತಾನೇ?”

“ಹೌದು ಮಾವ, ಐದೇ ಅಂದಿದ್ರಿ” ಎಂದು ಹಂಸಿನಿ ಮೆಲ್ಲಗೆ ಹೇಳುತ್ತಾಳೆ. ಹಿಡಿದಿದ್ದ ತೋಳನ್ನು ಬಿಟ್ಟಿದ್ದಾಳೆ.

ಕ್ಷಮಿಸಿದೆ ಎಂದು ಮೇಷ್ಟ್ರು ಹೇಳಲಿಲ್ಲ. “ಎರಡು ವರ್ಷ ಕಣಯ್ಯಾ, ಎರಡು ವರ್ಷ ತಿಂದುಬಿಟ್ಟೆ” ಎಂದು ಗದರಿದರು, ಅಲ್ಲೇ ಕೂತು ಉಸಿರು ತೆಗೆದುಕೊಂಡರು. ಸೋಮವಾರ ಟ್ರಸ್ಟಿನ ಮ್ಯಾನೇಜರ್ ಮುಂದೆಯೂ ಹೇಳುತ್ತೇನೆಂದು ಸೇಸಪ್ಪ ಮಾತು ಕೊಟ್ಟರು. ಅಲ್ಲಿ ಏನಾಗುತ್ತದೋ ಗೊತ್ತಿಲ್ಲ, ಅದಕ್ಕೂ ಹೆದರಿಕೆ ಇದ್ದೇ ಇದೆ. ಆದರೆ ಮೇಷ್ಟ್ರಿಗೆ ಅಷ್ಟು ಸಾಲದು. ಜೇಬಿನಿಂದ ಫೋನ್ ತೆಗೆದು ಮಗ ವಿಕ್ರಾಂತನ ನಂಬರ್ ಒತ್ತಿ, “ಮೊದಲು ಇವನಿಗೆ ಹೇಳಿ” ಎಂದು ಸೇಸಪ್ಪನ ಕೈಗೆ ಕೊಟ್ಟರು.

ಸೇಸಪ್ಪ ಎದ್ದು ನಿಂತು ಫೋನನ್ನು ಕಿವಿಗೆ ಹಿಡಿದರು. “ನಮಸ್ಕಾರ, ನಾನು ಗುಡ್ಡದ ಸೇಸಪ್ಪ. ನಿಮ್ಮ ತಂದೆಯವರು ದಾರಿ ತಪ್ಪಿದ್ದಲ್ಲ. ತಪ್ಪಿಸಿದ್ದು ನಾನು.”