ಆಟಿ ಹದಿನೆಂಟರ ಕೆಂಪು

ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡದ ಮನೆ ನಮ್ಮ ಕಡೆ ಇರಲಿಲ್ಲ. ಆಟಿ ಹುಟ್ಟಿದಂದಿನಿಂದ ದಿನಕ್ಕೊಂದರಂತೆ ಹದಿನೆಂಟು ಮದ್ದುಗಳು ಆ ಸೊಪ್ಪಿಗೆ ಬಂದು ಸೇರುತ್ತವೆ ಎಂದು ಹಿರಿಯರು ನಂಬಿದ್ದರು. ಬೇಲಿ ಬದಿಯಿಂದ ಮುರಿದು ತಂದು ಕುದಿಸಿದರೆ ಸೊಪ್ಪು ಕಡು ನೇರಳೆ ರಸ ಬಿಡುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನಹಾಲು. ತಿಂದ ಮಾರನೆಯ ದಿನ ಎಲ್ಲರಿಗೂ ಮೂತ್ರ ಕೆಂಪಗೆ ಹೋಗುತ್ತದೆ. ಹೊರಗಿನಿಂದ ಬಂದವರು ಮೊದಲ ಸಲ ನೋಡಿ ಗಾಬರಿ ಬೀಳುತ್ತಾರೆ, ನಮಗೆ ಮಾತ್ರ ಅದೇ ದೊಡ್ಡ ತಮಾಷೆ. ಕೆಂಪು ಹೆಚ್ಚಿದಷ್ಟೂ ಮದ್ದು ಚೆನ್ನಾಗಿ ಹಿಡಿದಿದೆ ಎಂದೇ ಅರ್ಥ.

ಬೇರೆ ದಿನಗಳಲ್ಲಿ ಹೆಂಗಸರ ಮುಂದೆ ಆ ವಿಷಯ ಎತ್ತದ ಗಂಡಸರು ಅವತ್ತೊಂದು ದಿನ ಜಗಲಿಯಲ್ಲಿ ನಿಂತು, ಯಾರಿಗೆ ಎಷ್ಟು ಕೆಂಪು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಮರುದಿನಕ್ಕೆ ಆ ಮಾತು ಮುಗಿಯುತ್ತಿತ್ತು. ಮತ್ತೆ ಯಾರಾದರೂ ಎತ್ತಿದರೆ ಅವ್ವ ಕಣ್ಣು ದೊಡ್ಡದು ಮಾಡುತ್ತಿದ್ದಳು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾಪೋಕ್ಲಿನ ಬಸ್ಸಿನಲ್ಲಿ ಗಂಡಸರಿಗೆಲ್ಲ ಅದರದ್ದೇ ಮಾತು. ಅಪ್ಪ ಮಾತ್ರ ಆ ಚರ್ಚೆಗೆ ಸೇರದೆ ಬೀಡಿ ಸೇದುತ್ತ ಕಿಟಕಿಯ ಹೊರಗೆ ಇನ್ನೊಬ್ಬರ ಗದ್ದೆ ನೋಡುತ್ತಿದ್ದ. ಎರಡು ಗದ್ದೆ, ಒಂದಿಷ್ಟು ಕಾಫಿ, ಅಷ್ಟೇ ಅವನ ಲೋಕ. ಕಾಯಿಲೆ ಎಂದು ಒಂದು ದಿನವೂ ಮಲಗಿದವನಲ್ಲ, ಮಲಗಿದವರನ್ನು ಕಂಡರೆ ಆಗುತ್ತಲೂ ಇರಲಿಲ್ಲ.

ಆ ವರ್ಷದ ಆಟಿಯಲ್ಲಿ ಅವನದ್ದೇ ಎಲ್ಲರಿಗಿಂತ ಕೆಂಪು. ತನ್ನ ಅಣ್ಣಂದಿರ ಮುಂದೆ ಮೀಸೆ ತಿರುವಿದ್ದೇ ತಿರುವಿದ್ದು. ಅದಾಗಿ ಐದನೆಯ ದಿನ ಸಂಜೆ, ನಾನು ಜಗಲಿಯಲ್ಲಿ ಕೂತು ಲಾಟೀನಿನ ಗಾಜು ಒರೆಸುತ್ತಿದ್ದೆ. ಅಪ್ಪ ಗದ್ದೆಯಿಂದ ಬಂದವನು ಕಾಲು ತೊಳೆಯದೆ ನನ್ನ ಮುಂದೆ ನಿಂತ.

"ಮಗಾ, ನಿಂಗೆ ಇನ್ನೂ ಕೆಂಪೇ ಉಟ್ಟಾ?"

ಆಗ ನನಗೆ ಇಪ್ಪತ್ತು ವರ್ಷ. ಹಬ್ಬ ಕಳೆದು ಇಷ್ಟು ದಿನವಾದ ಮೇಲೆ, ಇನ್ನೂ ಕೆಂಪಗೇ ಹೋಗುತ್ತಿದೆಯಾ ಎಂದು ಅಪ್ಪ ಮಗಳನ್ನು ಕೇಳುವುದೇ? ನಾಚಿಕೆಯಿಂದ ಮುಖ ಬಿಸಿಯಾಯಿತು. ಮಾತು ಅಲ್ಲಿಗೇ ಮುಗಿಯಲಿ ಎಂದು, "ಹೂಂ ಅಪ್ಪ, ನಂಗೂ ಉಟ್ಟು" ಎಂದುಬಿಟ್ಟೆ. ನಿಜವಾಗಿ ನನಗೆ ಎರಡನೆಯ ದಿನಕ್ಕೇ ತಿಳಿಯಾಗಿತ್ತು. ಅಪ್ಪ "ಹಾಂಗಾ" ಎಂದ. ಅವನು ಕೊಟ್ಟಿಗೆಯ ಕಡೆ ಹೋಗುವಾಗ ಹೆಜ್ಜೆಯ ಸದ್ದು ಹಗುರಾಗಿದ್ದದ್ದು ನನಗೆ ಕೇಳಿಸಿತು.

ವಾರದಲ್ಲಿ ಅವನ ಕೆಂಪು ತಾನಾಗಿಯೇ ನಿಂತಿತಂತೆ. ನೋವಿಲ್ಲ, ಉರಿಯಿಲ್ಲ. ನಡುನಡುವೆ ಒಂದೆರಡು ಸಲ ಕಾಣಿಸಿದ್ದನ್ನು ಯಾರಿಗೂ ಹೇಳಲಿಲ್ಲ. ಮುಂದಿನ ಆಟಿ ಬಂದಾಗ ಮೂರು ಬಟ್ಟಲು ಪಾಯಸ ತಿಂದ. ಆ ವರ್ಷ ಚಳಿಗಾಲದ ಹುತ್ತರಿ ಹಬ್ಬಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಅವ್ವ ಅವನ ಪಂಚೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡಳು. ಹುತ್ತರಿಯ ಕಾಲದಲ್ಲಿ ಯಾವ ಮನೆಯಲ್ಲೂ ಮದ್ದುಸೊಪ್ಪು ಬೇಯುವುದಿಲ್ಲ.

ಮಡಿಕೇರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. "ಮೊದಲ ಸಲ ಕಂಡಿದ್ದು ಯಾವಾಗ ಗೌಡರೇ?" ಎಂದು ಕೇಳಿದರು. ಅಪ್ಪ ಹೋದ ವರ್ಷದ ಆಟಿಯ ಕತೆ ಹೇಳಿದ. ಅವರಿಗೆ ಆ ಸೊಪ್ಪು ಗೊತ್ತಿರಲಿಲ್ಲ. "ಐದು ದಿನ ರಕ್ತ ಹೋದರೂ ಯಾಕೆ ಬರಲಿಲ್ಲ?" ಎಂದರು. ಅಪ್ಪ ನನ್ನ ಕಡೆ ಕೈ ತೋರಿಸಿ ಹೇಳಿದ:

"ಅದ್ ಮದ್ದಿನ ಕೆಂಪು ಸ್ವಾಮಿ. ಇವಳಿಗೂ ಹಂಗೇ ಇತ್ತ್."

ಡಾಕ್ಟರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಆ ಕೋಣೆಯಲ್ಲಿ ಬಾಯಿ ಬಿಡದೆ ಇದ್ದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಅವರು ಮೈಸೂರಿಗೆ ಬರೆದುಕೊಟ್ಟರು. ಅಲ್ಲಿ ಹೇಳಿದ್ದು, ಮೂತ್ರಕೋಶದಲ್ಲಿ ಗಡ್ಡೆ, ಗೋಡೆ ದಾಟಿ ಹೋಗಿದೆ, ಮನೆಗೆ ಕರೆದುಕೊಂಡು ಹೋಗಿ ಎಂದು.

ಅಪ್ಪ ಹೋದ ಮೇಲೆ ನಾನು ಹಟ ಹಿಡಿದು ಓದಿ, ದೊಡ್ಡ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ರೋಗಿಯಿಂದ ತೆಗೆದ ಗಡ್ಡೆಯ ಚೂರನ್ನು ತೆಳುವಾಗಿ ಕತ್ತರಿಸಿ, ಗಾಜಿನ ಮೇಲಿಟ್ಟು ನೇರಳೆ ಮತ್ತು ಗುಲಾಬಿ ಬಣ್ಣ ಹಾಕಿ ಡಾಕ್ಟರಿಗೆ ಕೊಡುವುದು ನನ್ನ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದೆ. ಗಡ್ಡೆಯ ಸುತ್ತ ಅಷ್ಟೊಂದು ರಕ್ತನಾಳಗಳು ಯಾಕಿರುತ್ತವೆ ಎಂಬುದು ಮಾತ್ರ ನಿವೃತ್ತಿಯ ಹತ್ತಿರ ಬರುವ ತನಕ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಅಲ್ಲಿನ ಕಿರಿಯ ಡಾಕ್ಟರಮ್ಮ ವಿವರಿಸಿದಳು.

ಕ್ಯಾನ್ಸರ್ ಕೋಶ ಒಂಟಿಯಾಗಿ ಬೆಳೆಯಲಾರದಂತೆ. ಉಸಿರು ಸಾಲದಾದಾಗ ಅದು ಸಣ್ಣ ಸಣ್ಣ ಪ್ರೋಟೀನುಗಳನ್ನು ಹೊರಗೆ ಬಿಡುತ್ತದೆ. ಹತ್ತಿರದ ರಕ್ತನಾಳಕ್ಕೆ ಅವು ತಲುಪಿದರೆ, ಅಲ್ಲೆಲ್ಲೋ ಗಾಯವಾಗಿದೆ, ರಕ್ತ ಬೇಕಾಗಿದೆ ಎಂದು ನಾಳ ಕವಲೊಡೆದು ಆ ಕಡೆ ಬೆಳೆಯುತ್ತದೆ. ನಾರು ಹೆಣೆಯುವ ಕೋಶಗಳಿಗೆ ಇನ್ನೊಂದು ಸುದ್ದಿ ಹೋಗುತ್ತದೆ, ಅವು ಬಂದು ಗಡ್ಡೆಗೆ ಆಸರೆ ಕಟ್ಟಿಕೊಡುತ್ತವೆ. ಕಾವಲಿನ ಬಿಳಿ ಕೋಶ ಬಂದು ಮುಟ್ಟಿ ನೋಡಿದಾಗ ಅದಕ್ಕೂ ಒಂದು ಉತ್ತರ ಸಿದ್ಧವಿರುತ್ತದೆ: ನಾನು ನಿಮ್ಮವನೇ, ಇಲ್ಲಿ ಹೆದರುವಂಥದ್ದು ಏನೂ ಇಲ್ಲ. ಕಾವಲುಗಾರ ನಂಬಿ ಸುಮ್ಮನಾಗುತ್ತಾನೆ.

"ಸುತ್ತಮುತ್ತ ಇರೋರು ಯಾರೂ ಕೆಟ್ಟವರಲ್ಲ ಅಮ್ಮ. ದಿನಾ ಮಾಡೋ ಕೆಲಸಾನೇ ಮಾಡ್ತಿರ್ತಾರೆ" ಎಂದಳು ಹುಡುಗಿ. ಅವಸರದಲ್ಲಿ ಹುಟ್ಟಿದ ಆ ನಾಳಗಳು ಗಟ್ಟಿಯಿರುವುದಿಲ್ಲ, ಸೋರುತ್ತವೆ, ಒಡೆಯುತ್ತವೆ ಎಂದೂ ಹೇಳಿದಳು. ಅಪ್ಪ ಮೀಸೆ ತಿರುವಿದ ಕೆಂಪು ಆ ನಾಳಗಳದ್ದು. ನನ್ನ ಕೈಯ ಚಹಾ ಆರಿಹೋಯಿತು. ನನ್ನ ಯೋಚನೆ ಆ ಕಾವಲಿನ ಕೋಶಕ್ಕೆ ಸಿಗುವ ಉತ್ತರದಲ್ಲೇ ನಿಂತಿತ್ತು. ಹೆದರುವಂಥದ್ದು ಏನೂ ಇಲ್ಲ, ನನಗೂ ಹಾಗೇ ಇದೆ.

ಅಪ್ಪನಿಗೆ ನಾನು ನಿಜ ಹೇಳಿದ್ದೆ, ಅವನು ಹೋಗುವುದಕ್ಕೆ ಎರಡು ವಾರ ಮೊದಲು. ಕಾಫಿ ಹೂ ಬಿಟ್ಟ ಬೆಳಿಗ್ಗೆ, ಕಿಟಕಿ ತೆರೆದು ಗಂಜಿ ಕುಡಿಸುತ್ತಿದ್ದೆ. ಆವತ್ತು ನೀನು ಕೇಳಿದಾಗ ನಾನು ಸುಳ್ಳು ಹೇಳಿದೆ ಅಪ್ಪ, ಎಂದೆ. ಬೈಯಲಿ ಎಂದು ಕಾದೆ. ಅವನು ಗಂಜಿ ನುಂಗಿ, ಬಾಯಿ ಒರೆಸಿಕೊಂಡ.

"ಬೇರೆ ಯಾರ್ನ ಕೇಳ್ರೂ ಇಲ್ಲೆಂತ ಹೇಳ್ತಿದ್ದೊ ಮಗಾ. ಅದ್ಕೇ ನಿನ್ನ ಕೇಳ್ದೆ."

ಹೂಂ ಎನ್ನುವವಳು ನಾನೊಬ್ಬಳೇ ಎಂದು ಗೊತ್ತಿದ್ದೇ ಕೇಳಿದ್ದ. ಅದನ್ನು ಕ್ಷಮೆ ಎಂದುಕೊಂಡು ನಾನು ಬಹಳ ವರ್ಷ ಬದುಕಿದೆ. ಈಗ ಅಪ್ಪನ ವಯಸ್ಸು ದಾಟಿ ಎಷ್ಟೋ ಕಾಲವಾಗಿದೆ. ಈಗ ಅರ್ಥವಾಗುತ್ತದೆ, ಅವತ್ತು ಸಂಜೆ ಕಾಲು ತೊಳೆಯದೆ ಬಂದು ನಿಂತದ್ದು ಹೆದರಿದ ಮನುಷ್ಯ. ಮುಖ ನೋಡಿದ್ದರೆ ತಿಳಿಯುತ್ತಿತ್ತು. ನಾನು ಗಾಜು ಒರೆಸುತ್ತಲೇ ಇದ್ದೆ, ತಲೆ ಎತ್ತಲಿಲ್ಲ.