ವಾಲಗವಿಲ್ಲದ ಕಚೇರಿ

ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಯವರೆಗೆ ಮನೆಯವರು ವಾಲಗದ ಸದ್ದು ಕೇಳಬಾರದು ಎಂಬುದು ನಮ್ಮಲ್ಲಿನ ಕಟ್ಟಳೆ. ಹೊನ್ನವಳ್ಳಿಯಲ್ಲಿ ಸ್ವಂತ ತಮ್ಮನ ಮಗಳ ಮದುವೆಯಾದಾಗಲೂ ಅವ್ವ ಹೋಗದೆ, ಅಟ್ಟದಿಂದ ಕೊಬ್ಬರಿ ಇಳಿಸಿಕೊಂಡು ಸುಲಿಯುತ್ತ ಕೂತಿದ್ದಳು.

ನಾನು ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು. ಹಾಸ್ಟೆಲಿನ ನೀರುಸಾರು ಉಂಡು ಓದಿದೆ, ಈಗ ತಿಪಟೂರಿನಲ್ಲಿ ಕಾಲೇಜು ಮೇಷ್ಟ್ರು. ಕಟ್ಟಳೆಗಳನ್ನು ನಂಬುವುದಿಲ್ಲ ಎಂದು ಕ್ಲಾಸಿನಲ್ಲಿ ಎದೆಯುಬ್ಬಿಸಿ ಹೇಳಿದ್ದೂ ಉಂಟು. ಆದರೂ ಸಹೋದ್ಯೋಗಿಯೊಬ್ಬರು ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತದ ಕಚೇರಿ, ಸಿಂಫನಿ ಆರ್ಕೆಸ್ಟ್ರಾ ಇದೆ, ಬನ್ನಿ ಎಂದಾಗ ಅವ್ವನನ್ನು ಕೇಳದೆ ಹೊರಡಲಾಗಲಿಲ್ಲ.

"ವಾಲಗ ಇರ್ತದೇನ್ಲಾ?"

"ಇಲ್ಲ ಕಣವ್ವ. ಬರೀ ಪಿಟೀಲು."

"ಹಂಗಾದ್ರೆ ಹೋಗ್ಬಾ. ಪಿಟೀಲು ಕುಯ್ದು ಯಾರ್ಗೂ ತಾಳಿ ಕಟ್ಸಕಿಲ್ಲ ಬುಡು."

ಸಭಾಂಗಣದಲ್ಲಿ ದೀಪ ಮಂಕಾಯಿತು. ಕರಿ ಕೋಟಿನವರ ನಡುವೆ ಕೂತಿದ್ದ ಹೆಂಗಸೊಬ್ಬಳು ಕರಿಯ ಕೊಳವೆಯೊಂದನ್ನು ತುಟಿಗಿಟ್ಟು ಒಂದೇ ಒಂದು ಸ್ವರ ಊದಿದಳು. ಸಾಕ್ಷಾತ್ ವಾಲಗದ ದನಿ!

"ಅದು ಓಬೋ," ಪಕ್ಕದಲ್ಲಿದ್ದ ಸಹೋದ್ಯೋಗಿ ಪಿಸುಗುಟ್ಟಿದರು. "ಎಲ್ಲರೂ ಅದಕ್ಕೇ ಶ್ರುತಿ ಕೂಡಿಸೋದು ಕಣ್ರೀ."

ವಾದನ ಶುರುವಾಯಿತು. ಮೊದಲ ಭಾಗ ಮುಗಿಯಲಿ, ಎದ್ದು ಹೋಗೋಣ ಅಂದುಕೊಂಡೆ. ಮುಗಿಯಿತು. ಭಾಗಗಳ ನಡುವೆ ಚಪ್ಪಾಳೆ ತಟ್ಟಬಾರದೆಂಬುದು ಅಲ್ಲಿನ ಕಟ್ಟಳೆಯಂತೆ; ಯಾರೂ ತಟ್ಟಲಿಲ್ಲ, ಅಲುಗಲೂ ಇಲ್ಲ. ಅಷ್ಟರಲ್ಲಿ ಮತ್ತೆ ಅದೇ ಕೊಳವೆ, ಈ ಸಲ ಒಂಟಿಯಾಗಿ, ನಿಧಾನವಾಗಿ ರಾಗ ಹಿಡಿಯಿತು. ನಾನು ಏಳಲಿಲ್ಲ. ಕಾಲು ಬರಲಿಲ್ಲ ಅಂದರೆ ಸುಳ್ಳಾದೀತು, ಮನಸ್ಸೇ ಬರಲಿಲ್ಲ. ಆಮೇಲೆ ಅಪ್ಪನ ನೆನಪೂ ಬರಲಿಲ್ಲ. ವಾಲಗ ಕೇಳಿದ್ದಕ್ಕಿಂತ ಅದು ದೊಡ್ಡ ತಪ್ಪು ಅನ್ನಿಸಿದ್ದು ಮರುದಿನ ವಾಪಸು ಬರುವಾಗ, ರೈಲಿನಲ್ಲಿ.

ಅವ್ವ ಕಾಯಿ ತುರಿಯುತ್ತಿದ್ದಳು.

"ವಾಲಗ ಇರ್ನಿಲ್ಲ ತಾನೆ?"

ಇರಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. "ಇತ್ತು ಕಣವ್ವ, ಅಂಥದ್ದೇ ಒಂದು. ನಂಗೆ ಗೊತ್ತಿರ್ಲಿಲ್ಲ."

"ಎದ್ಬಂದ್ಯಾ?"

"ಇಲ್ಲ. ಕೊನೇವರ್ಗೂ ಕೂತಿದ್ದೆ."

ತುರಿಯುವ ಸದ್ದು ನಿಂತಿತು. ನನ್ನ ಮುಖ ನೋಡಲಿಲ್ಲ ಅವಳು.

"ಒಲೆ ಮೇಲೆ ನೀರು ಕಾದದೆ. ಹೋಗು, ತಲೆ ಮೇಲೆ ಹುಯ್ಕಾ."

ಬಚ್ಚಲಿಗೆ ಹೋದೆ. ಎರಡು ಚೊಂಬು ಹುಯ್ದುಕೊಳ್ಳುವಷ್ಟರಲ್ಲಿ ಬಾಗಿಲಾಚೆ ಅವಳ ದನಿ ಕೇಳಿತು:

"ಚೆನ್ನಾಗಿ ಊದಿದ್ರೇನ್ಲಾ?"

ಕೇಳಿಸದವನಂತೆ ಇನ್ನೊಂದು ಚೊಂಬು ಸುರಿದುಕೊಂಡೆ.